ಜವರಮ್ಮನ ಮನೆಯ ನಡುಗಂಬ

ನಮ್ಮ ಊರಿನಲ್ಲಿ ಹಗಲು ಹೊತ್ತು ಮನೆಯ ನಡುಗಂಬವನ್ನು ಮನೆಯವರಲ್ಲಿ ಒಬ್ಬರು ಹಿಡಿದಿರಬೇಕು. ಬಿಟ್ಟರೆ ಮನೆ ಹೊರಡುತ್ತದೆ. ಒಮ್ಮೆಲೇ ಓಡುವುದಿಲ್ಲ. ಮೊದಲು ತೊಲೆಗಳು ನೆಟಿಕೆ ಮುರಿದಂತೆ ಲಟಲಟ ಎನ್ನುತ್ತವೆ, ಆಮೇಲೆ ಹೊಸಿಲು ಒಂದು ಗೇಣು ಮುಂದಕ್ಕೆ ಸರಿಯುತ್ತದೆ, ನೂರು ಎಣಿಸುವಷ್ಟರಲ್ಲಿ ಪಕ್ಕದ ಮನೆಯ ಚರಂಡಿ ದಾಟಿರುತ್ತದೆ. ಹೊತ್ತು ಮುಳುಗಿದ ಮೇಲೆ ಭಯವಿಲ್ಲ, ಮನೆಗಳೂ ಮಲಗುತ್ತವೆ. ಕಂಬವಿಲ್ಲದ ಮನೆ ಕಟ್ಟಿಕೊಳ್ಳಬಾರದೇ ಎಂದು ಹೊರಗಿನಿಂದ ಬಂದವರೆಲ್ಲ ಕೇಳುತ್ತಾರೆ. ಶಾಲೆಗೆ ಕಂಬವಿಲ್ಲ, ಅಂಚೆ ಕಚೇರಿಗಿಲ್ಲ, ನಾನಿದ್ದ ವಾಚನಾಲಯದ ಹಿಂದಿನ ಕೋಣೆಗೂ ಇರಲಿಲ್ಲ. ಅವು ಕದಲುವುದಿಲ್ಲ, ನಿಜ. ಅಂಥ ಕಡೆ ಮಲಗಬಹುದು, ಬಾಣಂತನ ಮಾಡುವುದು ಕಷ್ಟ.

ನಾನು ಏಳನೇ ವಯಸ್ಸಿಗೆ ಕಂಬ ಹಿಡಿದವಳು. ಅಪ್ಪನಿಗೆ ಎದೆರೋಗ, ಅವ್ವ ಕೂಲಿಗೆ ಹೋಗಬೇಕು, ಅಣ್ಣಂದಿರು ದನದ ಹಿಂದೆ. ಹನ್ನೆರಡು ವರ್ಷ ಹಿಡಿದೆ. ಅಪ್ಪನ ಉಗುಳು ಬಟ್ಟಲು ತೊಳೆದದ್ದು, ಗಂಜಿ ಕುಡಿಸಿದ್ದು, ಎಲ್ಲ ಒಂದು ಕೈಯಲ್ಲೇ. ಬೀದಿಯವರು ನನ್ನನ್ನು ಗಟ್ಟಿಕೈ ಹುಡುಗಿ ಎನ್ನುತ್ತಿದ್ದರು. ಆ ಮಾತಿಗೆ ಉಬ್ಬುತ್ತಿದ್ದೆ. ಸುಳ್ಳೇಕೆ, ಈಗಲೂ ಉಬ್ಬುತ್ತೇನೆ. ಶಾಲೆ ನಮ್ಮ ಮನೆಯ ಎದುರಿಗೇ ಇದ್ದುದರಿಂದ ಮಕ್ಕಳು ಕೂಗುವ ಮಗ್ಗಿ ಕೇಳಿ ಕೇಳಿ ಹದಿನಾರರ ತನಕ ಬಾಯಿಗೆ ಬಂದಿತ್ತು, ಆದರೆ ಒಂದು ಎಂಬ ಅಂಕಿ ನೋಡಲು ಹೇಗಿದೆ ಎಂದು ಗೊತ್ತಿರಲಿಲ್ಲ. ಅದು ಗೊತ್ತಾದದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ಊರಿಗೆ ರಾತ್ರಿ ಶಾಲೆ ಬಂದಾಗ. ದೇವೀರಮ್ಮ ಎಂಬ ನನ್ನ ಹೆಸರಿನ ಮೊದಲ ಅಕ್ಷರಕ್ಕೇ ಮೂರು ದಿನ ಹಿಡಿಯಿತು. ಐವತ್ತೊಂದಕ್ಕೆ ಹತ್ತನೇ ತರಗತಿ ಪಾಸು ಮಾಡಿದೆ. ಅದಕ್ಕೂ ಎಷ್ಟೋ ಮೊದಲು, ನನ್ನ ಹತ್ತೊಂಬತ್ತನೇ ವಯಸ್ಸಿಗೆ, ಮನೆಯವರೆಲ್ಲ ಒಬ್ಬೊಬ್ಬರಾಗಿ ಹೋದ ಮೇಲೆ ಒಂದು ಬೆಳಿಗ್ಗೆ ನಾನೇ ಕಂಬದಿಂದ ಕೈ ತೆಗೆದು ಹೊರಗೆ ಬಂದು ನಿಂತೆ. ಮನೆ ನಿಧಾನವಾಗಿ ಕೆರೆ ಏರಿಯ ಕಡೆ ನಡೆಯಿತು. ಸೂರಿಗೆ ಸಿಕ್ಕಿಕೊಂಡ ನುಗ್ಗೆಯ ಕೊಂಬೆಯೊಂದೂ ಅದರ ಜೊತೆಗೇ ಹೋಯಿತು.

ನನಗೆ ಅರವತ್ತೊಂಬತ್ತು ತುಂಬಿದ ವರ್ಷ ನೂತನ ಎಂಬ ಹೆಣ್ಣುಮಗಳು ನಮ್ಮ ಊರಿಗೆ ಬಂದಳು. ಮನೆಯ ಕಾಯಿಲೆಯವರನ್ನು ನೋಡಿಕೊಳ್ಳುವ ಮಕ್ಕಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಊರಿನ ಮನೆಗಳೆಲ್ಲ ಗೊತ್ತಿರುವ, ಅಕ್ಷರ ದುಂಡಗಿರುವ ಒಬ್ಬರು ಬೇಕು ಎಂದು ಅವಳು ಕೇಳಿದಾಗ ಶಾಲೆಯ ಹೆಡ್‌ಮಾಸ್ತರರು ಮರುಮಾತಿಲ್ಲದೆ ನನ್ನ ಹೆಸರು ಹೇಳಿದರಂತೆ. ಅವಳು ಕೊಟ್ಟ ದಪ್ಪ ರಟ್ಟಿನ ಪುಸ್ತಕದಲ್ಲಿ ನಾನು ಸ್ಕೇಲು ಇಟ್ಟು ಕಾಲಂ ಹಾಕಿದೆ: ಮನೆ, ಕಾಯಿಲೆಯವರು, ಕಂಬ ಹಿಡಿಯುವವರು, ಅವರ ವಯಸ್ಸು, ಅವರು ಮನೆಗೆ ಏನಾಗಬೇಕು, ದಿನಕ್ಕೆ ಎಷ್ಟು ತಾಸು. ಅವಳು ಕೇಳುವುದು, ನಾನು ಬರೆಯುವುದು.

ಮೂರನೇ ಬೀದಿಯ ಜವರಮ್ಮನ ಮನೆಗೆ ಹೋದದ್ದು ಐದನೆಯ ದಿನ. ಜವರಮ್ಮನಿಗೆ ಮೂವತ್ತೆಂಟು ಇರಬಹುದು. ಗಂಡ ಕಲ್ಲು ಕ್ವಾರಿಯಲ್ಲಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಎರಡು ವರ್ಷದ ಹಿಂದೆ ಬಂದ ಜ್ವರವೊಂದು ಅವಳ ಕೈಕಾಲಿನ ಬಲವನ್ನೆಲ್ಲ ತೆಗೆದುಕೊಂಡು ಹೋಗಿತ್ತು. ನಾಲಿಗೆಯ ಬಲ ಮಾತ್ರ ಹಾಗೇ ಇತ್ತು. ಅವಳ ಕೈಯನ್ನು ಎತ್ತಿ ಕಂಬಕ್ಕೆ ತಗುಲಿಸಿದರೆ ಮನೆ ನಿಲ್ಲುತ್ತಿರಲಿಲ್ಲ. ತಗುಲಿದರೆ ಸಾಲದು, ಒತ್ತಬೇಕು. ಒತ್ತುತ್ತಿದ್ದವಳು ಮಗಳು ಮಾದೇವಿ, ಹನ್ನೊಂದು ವರ್ಷದ ಹುಡುಗಿ. ಆ ಮನೆಯ ಸಾಮಾನೆಲ್ಲ ಕಂಬದ ಸುತ್ತ ಬಂದು ಕೂತಿತ್ತು. ಒಲೆ ಅಲ್ಲೇ, ನೀರಿನ ಕೊಡ ಅಲ್ಲೇ, ಅಮ್ಮನ ಮಂಚ ಅಲ್ಲೇ. ಮೂಲೆಗಳನ್ನು ಗುಡಿಸಲು ಪೊರಕೆಗೆ ಉದ್ದನೆಯ ಬಿದಿರು ಕಟ್ಟಿದ್ದಳು.

"ಕಂಬ ಯಾರು ಹಿಡೀತಾರೆ ಪುಟ್ಟಾ?" ಎಂದು ನೂತನ ಕೇಳಿದಳು.

"ಅಮ್ಮ."

"ಇಡೀ ದಿನಾನಾ?"

"ಹ್ಞೂಂ. ನಾನು ಸ್ಕೂಲಿಗೆ ಹೋಗ್ತೀನಿ."

"ಇವತ್ತು ಹೋಗಿಲ್ವಲ್ಲ?"

"ಇವತ್ತು ಹೊಟ್ಟೆನೋವು."

ಹೊಟ್ಟೆನೋವಿನ ಹುಡುಗಿ ಹುರುಳಿಕಾಯಿ ಸೋಸುತ್ತಿದ್ದಳು. ಅವಳ ಲಂಗದ ಅಂಚಿನ ಕೆಳಗೆ ಬಲಗಾಲಿನ ಪಾದ ಕಂಬಕ್ಕೆ ಒತ್ತಿಕೊಂಡಿದ್ದು ನನಗೆ ಕಂಡಿತು. ಬರಿಯ ಅಂಗಾಲು ಸಾಕು, ಮನೆ ಒಪ್ಪುತ್ತದೆ; ಅದು ಕಂಬ ಹಿಡಿದ ಎಲ್ಲ ಮಕ್ಕಳಿಗೂ ಗೊತ್ತು. ಜವರಮ್ಮ ಸೂರು ನೋಡುತ್ತಾ ಮಲಗಿದ್ದಳು.

ಮಾದೇವಿ ಸುಳ್ಳು ಹೇಳಿದ್ದಕ್ಕೆ ಕಾರಣವಿತ್ತು. ನೂತನಳ ಲೆಕ್ಕ ಮುಗಿದ ಮೇಲೆ ಮಕ್ಕಳ ಕಲ್ಯಾಣದ ಕಚೇರಿಗೆ ಹೋಗುತ್ತದೆ. ದಿನಕ್ಕೆ ಆರು ತಾಸಿಗಿಂತ ಹೆಚ್ಚು ಕಂಬ ಹಿಡಿಯುವ ಮಕ್ಕಳನ್ನು ಅವರು ದೂರದ ಹಾಸ್ಟೆಲಿಗೆ ಸೇರಿಸುತ್ತಾರೆ. ಅಲ್ಲಿ ಓದು, ಊಟ, ಹಾಸಿಗೆ ಎಲ್ಲ ಚೆನ್ನಾಗಿದೆ ಎಂದೇ ಕೇಳಿದ್ದೇನೆ. ಹಿಂದಿನ ವರ್ಷ ಕುಂಬಾರ ಬೀದಿಯ ಇಬ್ಬರು ಮಕ್ಕಳನ್ನು ಹಾಗೆ ಕರೆದುಕೊಂಡು ಹೋದ ಮೇಲೆ ಎರಡು ದಿನ ಅಜ್ಜಿ ಹೇಗೋ ಕಂಬ ಹಿಡಿದಳು, ಮೂರನೇ ದಿನ ಅವರ ಮನೆ ಅವಳನ್ನು ಒಳಗಿಟ್ಟುಕೊಂಡೇ ಹೊರಟುಬಿಟ್ಟಿತು. ಈಗ ಆ ಮನೆ ಕೆರೆಯಾಚೆಯ ದಿಣ್ಣೆಯ ಮೇಲಿದೆ. ಗಾಳಿ ಚೆನ್ನಾಗಿ ಬರುತ್ತದೆ ಎಂದು ಅಜ್ಜಿ ಹೇಳಿಕಳಿಸುತ್ತಾಳೆ. ಮಕ್ಕಳ ಸುದ್ದಿ ಕೇಳಿದರೆ ಆ ಗಾಳಿಯ ಮಾತನ್ನೇ ಮತ್ತೆ ಹೇಳಿಕಳಿಸುತ್ತಾಳೆ.

ಹೊರಗೆ ಬಂದು ಮೋರಿಯ ಕಟ್ಟೆಯ ಮೇಲೆ ಕೂತಾಗ ನೂತನ ಕೇಳಿದಳು, "ಅಜ್ಜಿ, ಏನಂತ ಬರ್ಕೊಂಡ್ರಿ?"

"ಖಾಲಿ ಬಿಟ್ಟಿದ್ದೀನಿ ಮೇಡಂ."

"ಕಾಲಲ್ಲಿ ಹಿಡ್ಕೊಂಡಿದ್ದು ನಾನೂ ನೋಡ್ದೆ." ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಸುಳ್ಳು ಬರೆಯೋಕೆ ನನ್ನಿಂದ ಆಗಲ್ಲ. ನಿಜ ಬರೆದ್ರೆ ಆ ಮಗುನ ಕರ್ಕೊಂಡು ಹೋಗ್ತಾರೆ. ಇಪ್ಪತ್ತು ದಿನ ಬಿಟ್ಟು ಕೊನೇ ಸುತ್ತು ಬರ್ತೀನಿ. ಅವತ್ತು ಈ ಮನೇಲಿ ಏನು ಕಾಣುತ್ತೋ ಅದನ್ನ ಬರೀತೀನಿ. ಇದಕ್ಕಿಂತ ಹೆಚ್ಚಿಗೆ ಏನು ಮಾಡ್ಲಿ ಹೇಳಿ?"

ಕೆಟ್ಟ ಹುಡುಗಿಯಲ್ಲ ಅವಳು. ಅವಳ ಕಣ್ಣು ಕೆಂಪಾಗಿತ್ತು.

ಕೋಣೆಗೆ ಬಂದು ಪುಸ್ತಕ ಬಿಡಿಸಿಕೊಂಡು ಕೂತೆ. ನಾನು ಓದುವುದು ನಿಧಾನ. ತಡವಾಗಿ ಕಲಿತವರು ಸಾಲನ್ನು ಹಾರಿಸುವುದಿಲ್ಲ, ಅಲ್ಲೇನೋ ಇದ್ದೀತು ಎಂಬ ಆಸೆ ನಮಗೆ ಹೋಗುವುದಿಲ್ಲ. ಅಷ್ಟರಲ್ಲಾಗಲೇ ಅರವತ್ತಮೂರು ಮನೆ ಬರೆದಿದ್ದೆವು. ಮನೆಗೆ ಏನಾಗಬೇಕು ಎಂಬ ಕಾಲಮ್ಮಿನ ಮೇಲೆ ಬೆರಳಿಟ್ಟುಕೊಂಡು ಇಳಿಯುತ್ತಾ ಹೋದೆ. ಮಗ, ಮಗಳು, ಸೊಸೆ, ಮೊಮ್ಮಗಳು, ಸೊಸೆ, ಸೊಸೆ, ಮಗ, ಸೊಸೆ. ಎಣಿಸಿದರೆ ಮೂವತ್ತೊಂದು ಮನೆಯಲ್ಲಿ ಕಂಬ ಹಿಡಿದವರು ಸೊಸೆಯರು. ಮನೆಯ ರಕ್ತಕ್ಕೆ ಮಾತ್ರ ಮನೆ ನಿಲ್ಲುತ್ತದೆ ಎಂದು ನಮ್ಮ ಊರಿನಲ್ಲಿ ಹುಟ್ಟಿದವರೆಲ್ಲ ನಂಬಿದ್ದೇವೆ. ನಾನೂ ಅರವತ್ತೊಂಬತ್ತು ವರ್ಷ ನಂಬಿದ್ದೆ. ಬೆರಳು ಅಲ್ಲೇ ನಿಂತಿತು.

ಮಾರನೆಯ ಬೆಳಿಗ್ಗೆ ಸಣ್ಣತಾಯಮ್ಮನ ಮನೆಗೆ ಹೋದೆ. ಅವಳದು ಜವರಮ್ಮನ ಮಗ್ಗುಲಿನ ಮನೆ, ನಡುವೆ ಒಂದೇ ಗೋಡೆ. ಕಂಬ ಹಿಡಿದುಕೊಂಡು ಅವರೆಕಾಳು ಹಿಸುಕುತ್ತಿದ್ದಳು.

"ಜವರಮ್ಮನ ಕಂಬ ನಾನು ಹಿಡಿದ್ರೆ ಹೆಂಗೆ ಸಣ್ಣತಾಯಿ?" ಎಂದೆ.

"ನಿಂಗೇನು ಬುದ್ಧಿಗಿದ್ಧಿ ಕೆಡ್ತಾ ದೇವೀರಕ್ಕ? ರಕ್ತ ಅಲ್ಲದೋರು ಹಿಡಿದ್ರೆ ಮನೆ ನಿಂತದಾ?"

"ನೀನು ಈ ಮನೆ ಕಂಬ ಎಷ್ಟು ವರ್ಷದಿಂದ ಹಿಡ್ಕಂಡಿದ್ದೀಯ?"

"ನಲವತ್ತು ವರ್ಷ. ಒಂದು ಗೇಣು ಅಲ್ಲಾಡಿಲ್ಲ, ಬೇಕಾದ್ರೆ ಹೊಸಿಲು ನೋಡು."

"ನೀನು ಎಲ್ಲಿಯ ರಕ್ತ?"

"ನಾನು ಸೊಸೆ ಅಲ್ವಾ!" ಎಂದಳು. ಕೈಯಲ್ಲಿದ್ದ ಅವರೆಕಾಳು ಅಲ್ಲೇ ನಿಂತಿತು. "ಅಯ್ಯೋ ಹೌದಲ್ವಾ" ಎಂದಳು. ಆಮೇಲೆ ಅವಳಿಗೇ ಸಿಟ್ಟು ಬಂತು. "ಹಂಗಂತ ನಾನೇನು ದಾರೀಲಿ ಹೋಗೋಳಾ? ನಂಗೆ ಕಂಬದ ಶಾಸ್ತ್ರ ಮಾಡವ್ರೆ!"

ಕಂಬದ ಶಾಸ್ತ್ರ ಎಂದರೆ ಇಷ್ಟೇ. ಹೊಸ ಸೊಸೆ ಅಂಗೈಗೆ ಸುಣ್ಣ ಅರಿಶಿನ ಹಚ್ಚಿಕೊಂಡು ಕಂಬಕ್ಕೆ ಒತ್ತುತ್ತಾಳೆ, ಮನೆಯ ಹಿರಿಯರು ಇವಳು ನಮ್ಮವಳು ಎಂದು ಕಂಬಕ್ಕೆ ಹೇಳುತ್ತಾರೆ, ಎಂಟು ದಿನ ಅವಳು ಕಂಬದ ಬುಡದಲ್ಲೇ ಇರುತ್ತಾಳೆ. ಒಂಬತ್ತನೆಯ ದಿನ ಉಳಿದವರು ಕೈ ತೆಗೆಯುತ್ತಾರೆ.

ಆ ಶಾಸ್ತ್ರ ನನಗೆ ಮಾಡಿಸಿ, ಕಂಬ ನಾನು ಹಿಡಿಯುತ್ತೇನೆ ಎಂಬ ನನ್ನ ಮಾತನ್ನು ಜವರಮ್ಮ ಪೂರ್ತಿ ಕೇಳಿ ಆಗಲಿ ಎಂದು ಕಣ್ಣು ಮುಚ್ಚಿಕೊಂಡಳು. ಬೇಡ ಎಂದವಳು ಮಾದೇವಿ.

"ನಾನೇ ಹಿಡೀತೀನಿ. ಎರಡು ವರ್ಷದಿಂದ ಹಿಡಿದಿಲ್ವಾ? ನನ್ ಕೈ ಗಟ್ಟಿ ಅಜ್ಜಿ. ಬೇಕಾದ್ರೆ ಯಾರನ್ನಾದ್ರೂ ಕೇಳು."

ಆ ಮಾತನ್ನು ನಾನು ಎಲ್ಲೋ ಕೇಳಿದ್ದೆ, ನನ್ನ ಬಾಯಿಂದಲೇ. "ಗಟ್ಟಿ ಅಂತ ಗೊತ್ತು ಕಣೇ" ಎಂದೆ. "ಅದಕ್ಕೇ ಬಂದಿದ್ದೀನಿ. ಜಾಳುಜಾಳು ಕೈಯೋರ ಪಕ್ಕದಲ್ಲಿ ನಾನು ಕೈ ಇಡಲ್ಲ."

ಅವಳು ನನ್ನ ಅಂಗೈ ತಿರುಗಿಸಿ ನೋಡಿದಳು. ಐವತ್ತು ವರ್ಷದ ಹಿಂದಿನ ಜಡ್ಡು ಇನ್ನೂ ಇತ್ತು. ಕಂಬ ಬಿಡದೆ ಕೈ ಚಾಚಿ ಸುಣ್ಣದ ಡಬ್ಬಿ ತೆಗೆದಳು.

ಶಾಸ್ತ್ರದ ದಿನ ಬೀದಿಗೆ ಬೀದಿಯೇ ಬಾಗಿಲಲ್ಲಿ ನಿಂತಿತ್ತು. ಯಾವನೋ ಪಡ್ಡೆ ಹುಡುಗ, "ಮದುವಣಗಿತ್ತಿ ಭಾರೀ ಚೆನ್ನಾಗವಳೆ! ವರ ಯಾರಜ್ಜಿ?" ಎಂದು ಕೂಗಿದ.

"ಈ ಕಂಬಾನೇ ಕಣೋ. ನಿಮ್ಮಪ್ಪನಿಗಿಂತ ನೆಟ್ಟಗೆ ನಿಂತದೆ" ಎಂದೆ. ನಕ್ಕವರಲ್ಲಿ ಅವನ ಅವ್ವನೇ ಮೊದಲು. ಜವರಮ್ಮ ಮಲಗಿದ ಕಡೆಯಿಂದಲೇ, "ಇವಳು ನಮ್ಮವಳು" ಎಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡು, "ಇವರು" ಎಂದು ತಿದ್ದಿದಳು.

ಎಂಟು ದಿನ ಕಂಬದ ಬುಡದಲ್ಲಿ ಕೂತೆ. ಒಂಬತ್ತನೆಯ ದಿನ ನಾನು ಅಂಗೈ ಒತ್ತಿ ಹಿಡಿದೆ, ಮಾದೇವಿ ತನ್ನ ಕೈ ತೆಗೆದಳು. ಹನ್ನೊಂದು ಎಣಿಸಿದ್ದೆ, ತೊಲೆಗಳು ಲಟಲಟ ಎಂದವು. ಇನ್ನಷ್ಟು ಒತ್ತಿದೆ. ನೀರಿನ ಕೊಡ ಉರುಳಿತು, ಹೊಸಿಲು ಸರಿಯಿತು, ಹೊರಗೆ ಯಾರೋ ಅಯ್ಯಯ್ಯೋ ಎಂದರು. ಮಾದೇವಿ ಹಾರಿಬಂದು ಎರಡೂ ಕೈಯಿಂದ ಕಂಬ ತಬ್ಬಿಕೊಂಡಳು. ಮನೆ ನಿಂತಿತು.

"ನಾನ್ ಹೇಳ್ಲಿಲ್ವಾ" ಎಂದಳು. ಅವಳ ಮುಖದಲ್ಲಿ ಭಯ ಇತ್ತು, ಅದರ ಹಿಂದೆ ಒಂದು ಸಮಾಧಾನವೂ ಇತ್ತು.

ನಾನು ನೆಲ ಒರೆಸುತ್ತಿದ್ದಾಗ ಜವರಮ್ಮ ಸುಮ್ಮನೆ ನೋಡುತ್ತಿದ್ದಳು. ನೋಡುವುದಲ್ಲದೆ ಅವಳಿಗೆ ಬೇರೆ ಕೆಲಸವಿರಲಿಲ್ಲ, ಹಾಗಾಗಿ ನಮಗೆ ಕಾಣದ್ದು ಅವಳಿಗೆ ಕಂಡಿತ್ತು. "ಎಂಟು ದಿನದಿಂದ ನಿಮಗೆ ಕಾಫಿ ಯಾವ ಲೋಟದಲ್ಲಿ ಕೊಡ್ತಾ ಅವಳೆ?" ಎಂದಳು.

ಅಟ್ಟದ ಮೇಲಿನ ಹೂವಿನ ಲೋಟದಲ್ಲಿ. ಕೂರಲು ಹೊಸ ಚಾಪೆ. ನಾನು ಪಾತ್ರೆ ಮುಟ್ಟಲು ಹೋದರೆ ಮಾದೇವಿ ಕಸಿದುಕೊಳ್ಳುತ್ತಿದ್ದಳು. ಅಮ್ಮನ ಮೈ ತೊಳೆಯುವಾಗ ನನ್ನನ್ನು ಆ ಕಡೆ ಮುಖ ಮಾಡಿ ಕೂರಿಸುತ್ತಿದ್ದಳು.

"ನೆಂಟರ ಥರ ಕೂರ್ಸಿಬಿಟ್ಟು ಮನೆಯೋರು ಅಂತ ಕಂಬಕ್ಕೆ ಸುಳ್ಳು ಹೇಳಿದ್ರೆ ಅದೇನು ದಡ್ಡ ಕಂಬಾನಾ?" ಎಂದಳು ಜವರಮ್ಮ. "ನಾನು ಈ ಮನೆಗೆ ಬಂದಾಗ ನಮ್ಮತ್ತೆ ಮೊದಲನೇ ದಿನಾನೇ ಎಷ್ಟು ಬೈದ್ರು ಗೊತ್ತಾ? ಬೈಸ್ಕಳ್ದೆ ಯಾರು ಮನೆಯೋರಾಗ್ತಾರೆ? ದೇವೀರಮ್ನೋರೆ, ಇವತ್ತಿಂದ ನನ್ನ ಕೆಲಸ ನೀವು ಮಾಡಿ. ಬೈಯೋ ಕೆಲಸ ನಾನು ಮಾಡ್ತೀನಿ."

ಎರಡು ವರ್ಷದಿಂದ ಉಣ್ಣಿಸಿಕೊಂಡು, ತೊಳೆಸಿಕೊಂಡು, ಹೊರಳಿಸಿಕೊಂಡು ಮಲಗಿದ್ದ ಹೆಂಗಸು ಅಂದಿನಿಂದ ಯಜಮಾನಿಯಾದಳು. ಉಪ್ಪು ಜಾಸ್ತಿ, ಬಟ್ಟೆ ಹಿಂಡಿದ್ದು ಕಡಿಮೆ, ದೀಪದ ಬತ್ತಿ ದಪ್ಪ, ಒಂದನ್ನೂ ಬಿಡಲಿಲ್ಲ. ಮಾದೇವಿಗೆ ಮಾತ್ರ ಕೈಬಿಡುವುದು ಕಷ್ಟವಾಯಿತು. ಕಂಬ ಹಿಡಿದು ನಿಂತೇ ನನಗೆ ಅಪ್ಪಣೆ ಕೊಡುತ್ತಿದ್ದಳು.

"ಮೊದಲು ಎಡಗೈ ತೋಳಿಂದ ಬಿಚ್ಚಬೇಕು ಅಜ್ಜಿ, ಬಲಗೈದು ಆಮೇಲೆ. ಹಂಗಲ್ಲ, ಮೊಣಕೈ ಕೆಳಗೆ ಕೈ ಕೊಡು. ಹಿಮ್ಮಡಿ ದಿನಾ ನೋಡಬೇಕು, ಕೆಂಪಗಾಗಿದ್ರೆ ತೌಡಿನ ದಿಂಬು ಇಡಬೇಕು. ಗಂಜಿ ಕುಡಿಸುವಾಗ ಗದ್ದ ಸ್ವಲ್ಪ ಕೆಳಗೆ ಮಾಡಬೇಕು, ಮೇಲೆ ಮಾಡಿದ್ರೆ ನೆತ್ತಿಗೆ ಹತ್ತುತ್ತೆ. ಅಮ್ಮ ಸುಮ್ನಿದ್ರೆ ನೋವಿದೆ ಅಂತ ಅರ್ಥ. ಬೈತಾ ಇದ್ರೆ ಚೆನ್ನಾಗವಳೆ."

ಇದನ್ನೆಲ್ಲ ಆ ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಜವರಮ್ಮನ ಮೈಮೇಲೆ ಎರಡು ವರ್ಷದಲ್ಲಿ ಒಂದು ಹುಣ್ಣಿಲ್ಲ, ಒಂದು ಗಾಯವಿಲ್ಲ. ನಾನು ಹನ್ನೆರಡು ವರ್ಷ ಮಾಡಿದವಳು, ನನಗೆ ಇದರಲ್ಲಿ ಅರ್ಧವೂ ಗೊತ್ತಿರಲಿಲ್ಲ. ಅವಳು ಹೇಳಿದ್ದನ್ನೆಲ್ಲ ನೂತನಳ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡೆ. ಹನ್ನೊಂದು ಪುಟವಾಯಿತು. ನನ್ನ ಕೈಯಿಂದ ಬರೆದದ್ದರಲ್ಲಿ ಅಷ್ಟು ಹೆಮ್ಮೆಯಿಂದ ಬರೆದದ್ದು ಇನ್ನೊಂದಿಲ್ಲ.

ನೂತನ ಬಂದುಹೋದ ಹದಿನೇಳನೆಯ ದಿನ ಮುದ್ದೆಯ ಜಗಳ ಬಂತು. ಮಾದೇವಿಯ ಕೈಯ ಮಗ್ಗುಲಲ್ಲಿ ನನ್ನ ಒಂದು ಕೈ ಕಂಬದ ಮೇಲೆ, ಇನ್ನೊಂದು ಕೈಯಲ್ಲಿ ತೊಳಸಿದ ಮುದ್ದೆ, ಗಂಟುಗಂಟಾಯಿತು.

"ಇದೇನು ಮುದ್ದೇನಾ, ಕ್ವಾರಿ ಜಲ್ಲೀನಾ?" ಎಂದಳು ಜವರಮ್ಮ. "ಇಷ್ಟು ವಯಸ್ಸಾದ್ರೂ ಮುದ್ದೆ ತೊಳ್ಸೋಕೆ ಬರಲ್ವಾ? ನಿಮ್ಮ ರಾತ್ರಿ ಶಾಲೇಲಿ ಇದನ್ನ ಹೇಳ್ಕೊಡ್ಲಿಲ್ವಾ?"

ನಾನು ತಾಳ್ಮೆಯವಳು ಎಂದು ಊರಿಗೆಲ್ಲ ಹೆಸರು. ಅವತ್ತು ಅದು ಎಲ್ಲಿ ಹೋಯಿತೋ ಕಾಣೆ. "ತಿನ್ನೋದಾದ್ರೆ ತಿನ್ನು, ಇಲ್ಲಾಂದ್ರೆ ಹಸ್ಕೊಂಡು ಬಿದ್ದಿರು! ಮಲ್ಗಿದ ಕಡೆಯಿಂದಲೇ ಇಷ್ಟು ಮೆರೀತೀಯ, ಎದ್ದು ಓಡಾಡೋ ಹಂಗಿದ್ರೆ ಈ ಬೀದೀನೇ ಉಳಿತಿರಲಿಲ್ಲ!"

"ನಂಗೇ ಅಂತೀರಾ? ನನ್ ಮನೇಲಿ ನಿಂತ್ಕಂಡು ನಂಗೇ ಅಂತೀರಾ?"

"ನಿನ್ನ ಮನೆ ಅಂತೆ! ಬೆಳಗಿಂದ ಇದನ್ನ ಹಿಡ್ಕಂಡಿರೋದು ಯಾರು?"

ಅಂದವಳೇ ಕಂಬದ ಕಡೆ ನೋಡಿದೆ. ಜವರಮ್ಮನೂ ನೋಡಿದಳು. ಕಂಬದ ಮೇಲೆ ಇದ್ದದ್ದು ನನ್ನ ಕೈ ಒಂದೇ. ಮಾದೇವಿ ಒಳಗೆ ಇರಲಿಲ್ಲ. ಜಗಳದ ಸದ್ದಿಗೆ ಕಿವಿ ಮುಚ್ಚಿಕೊಂಡು ಹೊರಗೆ ಹೋದವಳು ಅಂಗಳದ ನಡುವೆ ನಿಂತು, ಕಿವಿಯಿಂದ ತೆಗೆದ ತನ್ನ ಎರಡೂ ಕೈಗಳನ್ನು ಯಾರದೋ ವಸ್ತು ಎನ್ನುವ ಹಾಗೆ ನೋಡಿಕೊಳ್ಳುತ್ತಿದ್ದಳು. ತೊಲೆಗಳು ಸುಮ್ಮನಿದ್ದವು. ಗೂಡಿನಲ್ಲಿದ್ದ ಗುಬ್ಬಿಯೂ ಅಲ್ಲಾಡಲಿಲ್ಲ.

"ಮುದ್ದೆ ಕೊಡಿ" ಎಂದಳು ಜವರಮ್ಮ ಸಣ್ಣ ದನಿಯಲ್ಲಿ. ಗಂಟುಗಳನ್ನೂ ಬಿಡದೆ ನುಂಗಿದಳು.

ಹದಿನೆಂಟನೆಯ ದಿನ ಮಾದೇವಿ ಶಾಲೆಗೆ ಹೋದಳು. ಬೀದಿಯ ತಿರುವಿನ ತನಕ ಹೋಗಿ ಮೂರು ಸಲ ಓಡಿ ಬಂದು ಹೊಸಿಲು ಮುಟ್ಟಿ ನೋಡಿದಳು. ಮಧ್ಯಾಹ್ನದ ಬೆಲ್ಲಿಗೆ ಬಂದಳು, ನೀರು ಕುಡಿಯಲು ಬಿಟ್ಟಾಗ ಬಂದಳು. ಹತ್ತೊಂಬತ್ತನೆಯ ದಿನ ಒಂದೇ ಸಲ ಬಂದಳು. ತರಗತಿಯಲ್ಲಿ ಕೂತಾಗಲೂ ಅಂಗಾಲನ್ನು ಬೆಂಚಿನ ಕಾಲಿಗೆ ಒತ್ತಿಕೊಂಡಿರುತ್ತಾಳೆ ಎಂದು ಅವಳ ಮೇಷ್ಟ್ರು ಹೇಳಿದರು.

ಇಪ್ಪತ್ತನೆಯ ದಿನ ಸಂಜೆ ಶಾಲೆ ಬಿಡುವ ಹೊತ್ತಿಗೆ ನೂತನ ಬಂದಳು. ಕಂಬದ ಮೇಲಿದ್ದ ನನ್ನ ಕೈ ನೋಡಿದಳು, ನೂರು ಎಣಿಸುವ ತನಕ ಹೊಸಿಲಿನ ಮೇಲೇ ನಿಂತಿದ್ದಳು. ಆಮೇಲೆ ನನ್ನ ಪಕ್ಕದಲ್ಲಿದ್ದ ಪುಸ್ತಕ ತೆಗೆದುಕೊಂಡು ನನ್ನ ಹೆಸರು, ವಯಸ್ಸು ಬರೆದಳು. "ಮನೆಗೆ ಏನಾಗಬೇಕು ಅಂತ ಬರ್ಕೊಳ್ಳಿ?" ಎಂದಳು.

"ಮನೆಯೋರು ಅಂತ ಬರ್ಕೊಳಿ" ಎಂದಳು ಜವರಮ್ಮ.

"ಆ ಥರ ಬರೆಯೋಕೆ ಬರಲ್ಲಮ್ಮ. ಮಗಳು, ಸೊಸೆ, ಅತ್ತೆ, ಹಿಂಗೆ ಏನಾದ್ರೂ ಇರಬೇಕು. ಬೇರೆ ಕಾಲಂ ಇಲ್ಲ."

"ಇಲ್ದಿದ್ರೆ ಹಾಕ್ಕೊಳಿ. ಈವಮ್ಮ ಗೆರೆ ಚೆನ್ನಾಗಿ ಎಳೀತಾರೆ. ಅವರಿಗೆ ಬರೋದು ಅದೊಂದೇ."

ನೂತನ ನಕ್ಕು ಪುಸ್ತಕವನ್ನು ನನ್ನ ಮುಂದೆ ಹಿಡಿದಳು. ಎಡಗೈ ಕಂಬದ ಮೇಲೇ ಇಟ್ಟುಕೊಂಡು ಬಲಗೈಯಲ್ಲಿ ಗೆರೆ ಎಳೆದೆ. ಸ್ಕೇಲು ಇರಲಿಲ್ಲ, ಆದರೂ ನೆಟ್ಟಗೇ ಬಂತು. ಆ ಕಾಲಂ ಈಗ ನಮ್ಮ ಊರಿನ ಏಳು ಮನೆಗಳಲ್ಲಿ ತುಂಬಿದೆ.

"ಮಾದೇವಿ ಎಲ್ಲಿ? ಅವಳನ್ನೂ ಮಾತಾಡಿಸಬೇಕಿತ್ತು" ಎಂದಳು ನೂತನ. ಶಾಲೆ ಬಿಟ್ಟು ಆಗಲೇ ಹೊತ್ತಾಗಿತ್ತು. ಕಾದಳು. ಬಸ್ಸಿನ ವೇಳೆಯಾಯಿತು ಎಂದು ಎದ್ದಳು. ಅವಳು ಹೋದ ಮೇಲೆ ನಾವಿಬ್ಬರೂ ಬಾಗಿಲು ನೋಡುತ್ತಾ ಕೂತೆವು. ಜವರಮ್ಮ ಬೈಯುವುದನ್ನು ನಿಲ್ಲಿಸಿದ್ದಳು. ಯಾರಾದರೂ ಕರೆದುಕೊಂಡು ಹೋದರೋ, ಬಿದ್ದಳೋ, ಕೆರೆಯ ಕಡೆ ಹೋದಳೋ. ಕಂಬ ಬಿಟ್ಟು ಹುಡುಕಲು ಹೋಗುವಂತಿಲ್ಲ. ಬಿಸಿಲು ಗೋಡೆಯಿಂದ ಸೂರಿಗೆ ಏರಿತು.

ಹೊತ್ತು ಮುಳುಗಲು ಇನ್ನೇನು ಸ್ವಲ್ಪ ಇದೆ ಎನ್ನುವಾಗ ಅವಳು ಓಡಿ ಬಂದಳು. ಜಡೆ ಬಿಚ್ಚಿಹೋಗಿತ್ತು, ಮೊಣಕಾಲು ತರಚಿತ್ತು, ಲಂಗದ ತುಂಬ ಕೆಮ್ಮಣ್ಣು. ಒಳಗೆ ಬಂದವಳೇ ಅಮ್ಮನ ಮಂಚದ ಪಕ್ಕ ಕುಸಿದು ಬಿಕ್ಕಿಬಿಕ್ಕಿ ಅಳತೊಡಗಿದಳು.

"ಏನಾಯ್ತೇ? ಯಾರು ಏನಂದ್ರು?"

"ಯಾರೂ ಏನೂ ಅನ್ಲಿಲ್ಲ." ಅವಳಿಗೆ ಮಾತು ಹೊರಡುತ್ತಿರಲಿಲ್ಲ. "ಸ್ಕೂಲ್ ಬಿಟ್ಮೇಲೆ ಲಗೋರಿ ಆಡಣ ಬಾ ಅಂದ್ರು. ಒಂದಾಟ ಅಂತ ನಿಂತೆ. ಆಮೇಲೆ... ಆಮೇಲೆ ನೀನು ನೆನಪಿಗೇ ಬರ್ಲಿಲ್ಲ ಅಮ್ಮ. ಮನೆ ನೆನಪಿಗೇ ಬರ್ಲಿಲ್ಲ. ಮರ್ತೇಬಿಟ್ಟೆ."

ಜವರಮ್ಮ ಸೂರು ನೋಡುತ್ತಿದ್ದವಳು ಕಷ್ಟಪಟ್ಟು ಕತ್ತು ಹೊರಳಿಸಿದಳು. "ಮರ್ತ್ಯಾ?"

"ಹ್ಞೂಂ."

"ನಿಜವಾಗ್ಲೂ ಮರ್ತೇಬಿಟ್ಯಾ? ನಡುವೆ ಒಂದ್ಸಲಾನೂ ನೆನಪಾಗ್ಲಿಲ್ವಾ?"

"ಇಲ್ಲ" ಎಂದು ಮಾದೇವಿ ಇನ್ನೂ ಜೋರಾಗಿ ಅತ್ತಳು.

ಜವರಮ್ಮನ ಮುಖ ಹೇಗಾಯಿತು ಎಂದು ಬರೆಯಲು ನನಗೆ ಯಾವ ಶಾಲೆಯಲ್ಲೂ ಹೇಳಿಕೊಟ್ಟಿಲ್ಲ. ಅವಳು ಉಸಿರೆಳೆದುಕೊಂಡು, ಮಗ್ಗುಲ ಗೋಡೆಯ ಕಡೆ ಬಾಯಿ ಮಾಡಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ಸಣ್ಣತಾಯಕ್ಕಾ! ಏ ಸಣ್ಣತಾಯಕ್ಕಾ! ಕೇಳಿಸ್ತಾ? ನನ್ ಮಗಳು ಮನೇನೇ ಮರೆತು ಆಡ್ಕಂಡು ಬಂದವಳೆ!"

ಗೋಡೆಯ ಆಚೆಯಿಂದ ಸಣ್ಣತಾಯಮ್ಮ ಕೂಗಿದಳು, "ಎಷ್ಟು ಹೊತ್ತೇ?"

"ಎರಡು ಗಂಟೆ!"

"ಅಯ್ಯೋ, ಅದ್ಯಾವ ದೊಡ್ಡ ವಿಷ್ಯ! ನಮ್ಮನೆ ಮೊಮ್ಮಗಳು ದಿನಾ ಮರೀತಾಳೆ!"

"ಮರೀಲಿ ಬಿಡು!" ಎಂದು ಜವರಮ್ಮ ಕೂಗಿದಳು. ಅವಳ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ. ಮಾದೇವಿ ಅಭ್ಯಾಸದಂತೆ ಏಳಹೋದಳು. ಅವಳ ಭುಜ ಅದುಮಿ ಕೂರಿಸಿ, ನನ್ನ ಸೆರಗಿನ ತುದಿಯಿಂದ ನಾನೇ ಒರೆಸಿದೆ.